ಮುಂದಿನ ಹಲ್ಲಿನ ಗೀರು

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಮಾವಿನಕುರ್ವೆಯಿಂದ ಹೊನ್ನಾವರಕ್ಕೆ ದೋಣಿಯಲ್ಲಿ ಹೊರಟಿದ್ದೆ. ಹೊಲಿದ ರವಿಕೆಗಳ ಗಂಟು ಮಡಿಲಲ್ಲಿತ್ತು. ದೋಣಿಯವನಿಗೆ ಏನೋ ಹೇಳಲು ಬಾಯಿ ತೆರೆದೆ. ಹೊಳೆಯ ತಣ್ಣನೆಯ ಗಾಳಿ ಮುಂದಿನ ಹಲ್ಲಿಗೆ ತಾಗಿತು.

ಕಣ್ಣಲ್ಲಿ ನೀರು ಬಂತು.

ಆಮೇಲೆ ಆ ಹಲ್ಲುನೋವು ಬಿಡಲಿಲ್ಲ. ಬಾವಿಯ ನೀರು ಆಗದು. ಉಪ್ಪಿನಕಾಯಿ ಆಗದು. ಲವಂಗ ಕಚ್ಚಿದೆ, ಪೇರಳೆ ಎಲೆ ಜಗಿದೆ. ನೋವು ಮಿಂಚಿನಂತೆ ಬಂದು ಹೋಗುತ್ತಿತ್ತು. ಮತ್ತೆ ಯಾವಾಗ ಬರುತ್ತದೋ ಎಂಬ ಹೆದರಿಕೆ ಮಾತ್ರ ಹೋಗುತ್ತಿರಲಿಲ್ಲ. ಬಾಯಿ ತೆರೆಯಲು ಅಂಜಿ ಮಾತು ಕಡಿಮೆ ಮಾಡಿದೆ. ಸಿಟ್ಟಾಗಿದ್ದೇನೆಂದು ತಿಳಿದು ಗಂಡ ದೂರ ದೂರವೇ ಉಳಿದರು.

ಪೇಟೆಯಲ್ಲಿ ಹಲ್ಲು ಕೀಳುವವನೊಬ್ಬ ನೋಡಿ, "ಹುಳ ತಿಂದದೆ, ತೆಗೆದುಬಿಡುವ" ಎಂದ.

ಇಪ್ಪತ್ತೆಂಟನೇ ವಯಸ್ಸಿಗೆ. ಮುಂದಿನ ಹಲ್ಲು.

ಸಂತೆಯ ದಿನ ಬರುತ್ತೇನೆಂದು ಒಪ್ಪಿ ಬಂದೆ. ತಡೆದವರು ಅತ್ತೆ. ನೋವು ಬಂದಾಗಲೆಲ್ಲ ಕೀಳಿಸಿ ಕೀಳಿಸಿ ಅವರ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ.

"ಕೀಳ್ಸಬೇಡ ಮಗಾ. ನಂಗೆ ಬೇಡ ಹೇಳೂಕೆ ಯಾರೂ ಇರ್ಲಿಲ್ಲ. ಕುಮಟೆಗೆ ಹೋಗ್ವ, ನಾನೂ ಬರ್ತೆ."

ಕುಮಟೆಯಲ್ಲಿ ಮುಂಬಯಿಯಲ್ಲಿ ಕಲಿತು ಬಂದ ಹಲ್ಲಿನ ಡಾಕ್ಟರೊಬ್ಬರಿದ್ದರು. ಬಾಯೊಳಗೆ ಸಣ್ಣ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಹುಳ ಎಂತದ್ದೂ ಇಲ್ಲ. ಈ ಹಲ್ಲಲ್ಲಿ ನೀವು ಎಂತ ಕಚ್ತೀರಿ?"

"ನೂಲು. ಹೊಲಿಗೆ ಕೆಲಸ ನಂದು."

ಅವರು ನನ್ನ ಕೈಗೊಂದು ಕನ್ನಡಿ ಕೊಟ್ಟರು. ಹಲ್ಲಿನ ಅಂಚಿನಲ್ಲಿ ಒಂದು ಗೀರು. ಅದರೊಳಗೆ ಹಳದಿ.

"ಮೇಲಿನ ಬಿಳಿಯದು ಎನಾಮಲ್. ನೂಲು ಕಚ್ಚಿ ಕಚ್ಚಿ ಅದು ಸವೆದಿದೆ. ಈ ಹಳದಿಯದು ಡೆಂಟಿನ್, ಹಲ್ಲಿನ ಬಹುಪಾಲು ಅದೇ. ಅದ್ರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿರ್ತವೆ. ಗಾಳಿ ತಾಗಿದ್ರೂ ಒಳಗಿನ ನರಕ್ಕೆ ಗೊತ್ತಾಗ್ತದೆ."

"ಹಲ್ಲು ಉಳಿತದ್ಯಾ?" ನನಗಿಂತ ಮೊದಲು ಅತ್ತೆ ಕೇಳಿದರು.

"ಉಳಿತದೆ. ಫಿಲ್ಲಿಂಗ್ ಮಾಡ್ವ."

ಹಲ್ಲೆಂದರೆ ಕಲ್ಲಿನಂಥದ್ದು ಎಂದೇ ತಿಳಿದಿದ್ದೆ. ಇಷ್ಟು ವರ್ಷ ನೂಲು ತುಂಡರಿಸುವ ಹತಾರದಂತೆ ಬಳಸಿದ್ದು ಜೀವವಿರುವ, ಗಾಳಿ ಸೋಕಿದರೂ ತಿಳಿಯುವ ವಸ್ತು ಎಂದು ಆ ಕುರ್ಚಿಯಲ್ಲಿ ಕೂತಾಗ ಗೊತ್ತಾಯಿತು.

ಡ್ರಿಲ್ ಓಡಿಸಲು ಡಾಕ್ಟರು ಕಾಲಿನಿಂದ ಪೆಡಲ್ ತುಳಿದರು, ನಾನು ಹೊಲಿಗೆ ಮೆಷಿನ್ ತುಳಿಯುವ ಹಾಗೆಯೇ. ಹಲ್ಲಿನ ಅಂಚಿಗೆ ಬಂದಾಗ ಅವರ ಪಾದ ನಿಧಾನವಾಯಿತು; ಬಟ್ಟೆಯ ಅಂಚು ಬಂದಾಗ ನಾನೂ ಹೀಗೆಯೇ ನಿಧಾನಿಸುತ್ತೇನೆ. ನೋವಾಯಿತು, ನಿಜ. ಆದರೆ ಆ ಕಾಲಿನ ಲಯ ನನಗೆ ಪರಿಚಯದ್ದು. ಬಿಗಿಯಾಗಿ ಹಿಡಿದಿದ್ದ ಕುರ್ಚಿಯ ಕೈ ಬಿಟ್ಟೆ.

"ಆತು," ಎಂದರು. "ಇನ್ನು ನೂಲು ಕಚ್ಚಬೇಡಿ. ಫಿಲ್ಲಿಂಗ್ ಬಿದ್ರೆ ಮತ್ತೆ ಬನ್ನಿ."

ಈಗ ಅತ್ತೆ ಕಟ್ಟಿಕೊಟ್ಟ ದಾರದಲ್ಲಿ ಕತ್ತರಿ ನನ್ನ ಕೊರಳಲ್ಲಿ ತೂಗುತ್ತಿರುತ್ತದೆ. ಮರೆತು ನೂಲು ಬಾಯಿಗೊಯ್ದರೆ ಜಗಲಿಯಿಂದ "ಕತ್ತರಿ!" ಎಂಬ ಕೂಗು ಬರುತ್ತದೆ. ಫಿಲ್ಲಿಂಗಿನ ಬಣ್ಣ ಹಲ್ಲಿಗೆ ಪೂರ್ತಿ ಹೊಂದಿಲ್ಲ. ಎಷ್ಟು ವರ್ಷ ಬಾಳುತ್ತದೋ ಗೊತ್ತಿಲ್ಲ. ಇದ್ದಷ್ಟು ದಿನ ಇರಲಿ.

ಮೊನ್ನೆ ಊಟದ ಹೊತ್ತಿಗೆ ಗಂಡ ಹೇಳಿದ ಮಾತಿಗೆ ಬಾಯ್ತುಂಬ ನಕ್ಕೆ. ಅತ್ತೆ ಅನ್ನ ಕಲಸುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಎಂತ ಅತ್ತೆ?"

"ಎಂತದ್ದೂ ಇಲ್ಲ. ನಗು."