ಬೈ ಟೂ ಸೂಪು

ಮೊದಲ ಸಲ ಸೂಪು ಎಂಬುದನ್ನು ಕುಡಿದಾಗ ನನಗೆ ವಯಸ್ಸು ಇಪ್ಪತ್ತೈದು ದಾಟಿತ್ತು. ಅಲ್ಲಿಯವರೆಗೆ ಊಟಕ್ಕೆ ಮೊದಲು ಕುಡಿಯುವುದೆಂದರೆ ನೀರು, ಊಟವಾದ ಮೇಲೆ ಮಜ್ಜಿಗೆ. ವಸ್ತಾರೆ ಹತ್ತಿರದ ನಮ್ಮ ಮನೆಯಲ್ಲಿ ಬಿಸಿಬಿಸಿ ಕುಡಿಯುವ ಸಾರು ಜ್ವರ ಬಂದವರಿಗೆ ಮಾತ್ರ ಸಿಗುತ್ತಿತ್ತು. ಅದಕ್ಕೆ ದುಡ್ಡು ಕೊಟ್ಟು, ಬೋಗುಣಿಯಲ್ಲಿ ಹಾಕಿಸಿಕೊಂಡು, ಚಮಚದಲ್ಲಿ ಕುಡಿಯುವ ಕಾಲ ಬರುತ್ತದೆ ಎಂದಿದ್ದರೆ ಅಮ್ಮ ನಕ್ಕುಬಿಡುತ್ತಿದ್ದಳು.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಎಸ್ಟೇಟುಗಳಿಂದ ಬರುವ ಪಾರ್ಚ್‌ಮೆಂಟ್ ಕಾಫಿಯ ಸಿಪ್ಪೆ ಬಿಡಿಸಿ, ಬೀಜವನ್ನು ಗಾತ್ರ ನೋಡಿ ವಿಂಗಡಿಸುವ ಜಾಗ ಅದು. ನನ್ನ ಪಕ್ಕದ ಮೇಜಿನಲ್ಲಿ ಮೂಡಿಗೆರೆ ಕಡೆಯವಳೊಬ್ಬಳಿದ್ದಳು. ಇಬ್ಬರೂ ಸೇರಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆವು. ಅವಳು ಮಾತಿನ ಮಲ್ಲಿ, ನಾನು ಮುಖ ಗಂಟು ಹಾಕಿಕೊಂಡು ಕೂರುವವಳು. ಹೇಗೆ ಹೊಂದಿಕೆಯಾಯಿತೋ ದೇವರಿಗೇ ಗೊತ್ತು.

ಊರಿನಲ್ಲಿ ಆಗ ಇದ್ದದ್ದು ಎರಡೇ ತರದ ಹೋಟೆಲು. ಇಡ್ಲಿ ವಡೆಯದು ಒಂದು, ಮಿಲಿಟರಿ ಹೋಟೆಲು ಇನ್ನೊಂದು. ಹೆಂಗಸರಿಬ್ಬರೇ ಹೋಗಿ ಕೂತರೆ ಎರಡರಲ್ಲೂ ಗಂಡಸರು ತಟ್ಟೆ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಅಂಥದ್ದರಲ್ಲಿ ಹೊಸ ರೆಸ್ಟೋರೆಂಟೊಂದು ಶುರುವಾಯಿತು. ‘ಮಲ್ಟಿ ಕ್ಯುಸಿನ್’ ಎಂದು ಬೋರ್ಡಿನ ಮೇಲೆ ಬರೆದಿದ್ದರು. ಅದನ್ನು ಹೇಗೆ ಓದುವುದೆಂದು ಆಫೀಸಿನಲ್ಲಿ ಒಂದು ವಾರ ಚರ್ಚೆ ನಡೆಯಿತು. ಒಳಗೆ ಬಾಗಿಲ ಬಳಿ ಮೀನಿನ ತೊಟ್ಟಿ, ಮೇಲೆ ಮಂಕು ದೀಪ. ಏನು ತಿನ್ನುತ್ತಿದ್ದೇವೆಂದು ನಮಗೇ ಕಾಣಬಾರದೆಂದು ಅಷ್ಟು ಕತ್ತಲೆ ಮಾಡಿದ್ದರೋ ಏನೋ. ಸಂಬಳವಾದ ಶನಿವಾರ ಅವಳು ನನ್ನನ್ನು ಎಳೆದುಕೊಂಡೇ ಹೋದಳು.

ಕುಂದಾಪುರ ಕಡೆಯ ನಡುವಯಸ್ಸಿನ ಸಪ್ಲೈಯರ್ ನಮ್ಮನ್ನು ನೋಡಿದವರೇ ‘ಫ್ಯಾಮಿಲಿ ರೂಮ್’ ಕಡೆ ಕೈ ತೋರಿಸಿದರು. ಪರದೆ ಎಳೆದ ಸಣ್ಣ ಗೂಡು, ನಾಲ್ಕು ಕುರ್ಚಿ, ಎದುರು ಬದುರು ಮಗುಚಿಟ್ಟ ನಾಲ್ಕು ತಟ್ಟೆ. ಮೆನು ಮದುವೆ ಆಲ್ಬಮ್ಮಿನಷ್ಟು ದಪ್ಪವಿತ್ತು. ಅದರಲ್ಲಿ ಚೀನಾ ಇತ್ತು, ಪಂಜಾಬ್ ಇತ್ತು, ಅಮೆರಿಕವೂ ಇತ್ತು. ನಮ್ಮ ಕಡುಬು, ಅಕ್ಕಿರೊಟ್ಟಿ ಎಲ್ಲೂ ಇರಲಿಲ್ಲ. ಅವಳು ಧೈರ್ಯ ಮಾಡಿ, “ಸ್ವೀಟ್ ಕಾರ್ನ್ ಸೂಪು, ಬೈ ಟೂ” ಎಂದಳು. ಕಾಫಿ ಹೇಳುವಷ್ಟೇ ಸಲೀಸಾಗಿ ಹೇಳಿದಳು. ನನಗೆ ನಾಚಿಕೆಯಾಯಿತು. ಸಪ್ಲೈಯರ್ ಮಾತ್ರ ಒಂಚೂರೂ ಮುಖ ಸಿಂಡರಿಸದೆ ಎರಡು ಬಟ್ಟಲಿಗೆ ಹಂಚಿ ತಂದಿಟ್ಟರು.

ಒಂದು ಚಮಚ ಬಾಯಿಗಿಟ್ಟು ಅವಳೆಂದಳು: “ಎಂತ ಇದು ಮಾರಾಯ್ತಿ, ಬಾಣಂತಿ ಗಂಜಿ ಇದ್ದಂಗಿದೆ.”

ಆಮೇಲೆ ಕರವಸ್ತ್ರದ ತುದಿಯ ಗಂಟು ಬಿಚ್ಚಿದಳು. ಒಳಗೆ ಸೂಜಿಮೆಣಸು. ಹಕ್ಕಿಗಳು ಬೀಜ ಉದುರಿಸಿ ಕಾಫಿ ಗಿಡಗಳ ಬುಡದಲ್ಲಿ ತಾನಾಗಿ ಹುಟ್ಟುವ, ಉಗುರಿನಷ್ಟೇ ಉದ್ದದ, ಪ್ರಾಣ ತೆಗೆಯುವ ಮೆಣಸು. ಊರಿಗೆ ಹೋದಾಗಲೆಲ್ಲ ಕಿತ್ತು ತರುತ್ತಿದ್ದಳು. ಚಮಚದ ಹಿಂಬದಿಯಲ್ಲಿ ಅರೆದು ನನ್ನ ಬಟ್ಟಲಿಗೊಂದು, ತನ್ನ ಬಟ್ಟಲಿಗೊಂದು ಹಾಕಿದಳು. ಚೀನಾದ ಸೂಪು ಆ ಕ್ಷಣದಲ್ಲಿ ನಮ್ಮ ಮಲೆನಾಡಿನದಾಯಿತು. ಇಬ್ಬರ ಮೂಗಿನಲ್ಲೂ ನೀರು. ಪರದೆಯ ಹಿಂದೆ ಸದ್ದಾಗದ ಹಾಗೆ ನಕ್ಕು ನಕ್ಕು ನನಗೆ ಹೊಟ್ಟೆ ನೋವು ಬಂತು.

ಅಲ್ಲಿಂದ ಸಂಬಳದ ಶನಿವಾರವೆಂದರೆ ಬೈ ಟೂ ಸೂಪು. ನಮ್ಮದೇ ಒಂದು ಕಾನೂನಿತ್ತು. ಆರ್ಡರ್ ಹೇಳಿದವಳು ಬಟ್ಟಲು ಆರಿಸುವಂತಿಲ್ಲ. ಎಷ್ಟು ಸಮನಾಗಿ ಹಂಚಿದರೂ ಒಂದು ಬಟ್ಟಲು ತುಸು ಹೆಚ್ಚೇ ಇರುತ್ತದಲ್ಲ, ಅದನ್ನು ಆರಿಸುವವಳು ಕಣ್ಣು ಕಿರಿದು ಮಾಡಿ, ಬಗ್ಗಿ ನೋಡಿ ಆರಿಸಬೇಕು. ಆರಿಸಿದ ಮೇಲೆ ಇನ್ನೊಬ್ಬಳು “ಹೊಟ್ಟೆಬಾಕಿ” ಎಂದು ಬೈಯಬೇಕು. ಇಷ್ಟಾಗದೆ ಚಮಚ ಮುಟ್ಟುತ್ತಿರಲಿಲ್ಲ.

ನಾಲ್ಕೈದು ವರ್ಷ ಹೀಗೇ ಹೋಯಿತು. ಆಮೇಲೆ ಅವಳಿಗೆ ಕಳಸದ ಕಡೆ ಸಂಬಂಧ ಕೂಡಿ ಬಂತು. ಸ್ವಲ್ಪ ತೋಟ, ದೊಡ್ಡ ಮನೆತನ. ಮದುವೆಯಲ್ಲಿ ನಾನೇ ನಿಂತು ಪಾಯಸ ಬಡಿಸಿದೆ. ನನಗೂ ಗಂಡು ನೋಡುವ ಶಾಸ್ತ್ರಗಳು ನಡೆದಿದ್ದವು. ಒಂದೂ ಕೂಡಿ ಬರಲಿಲ್ಲ. ಕೊನೆಗೆ ನೋಡುವವರಿಗೂ ಬೇಜಾರಾಯಿತು, ನನಗೂ ಬೇಜಾರಾಯಿತು. ಅದರ ಬಗ್ಗೆ ನಾನು ಅತ್ತಿದ್ದು ಕಡಿಮೆ. ಆದರೆ ಅವಳು ಹೋದ ಮೇಲೆ ರೂಮಿನಲ್ಲಿ ಎರಡನೇ ಚಾಪೆ ಸುತ್ತಿ ಗೋಡೆಗೆ ಒರಗಿಸಿದ ದಿನ ಅತ್ತೆ.

ಮುಂದಿನ ಸಂಬಳದ ಶನಿವಾರ ಕಾಲು ತಾನಾಗಿ ಅಲ್ಲಿಗೇ ನಡೆಯಿತು. ಪರದೆಯ ಹಿಂದೆ ಕೂತೆ. ಫ್ಯಾಮಿಲಿ ರೂಮಿಗೆ ನಾನೊಬ್ಬಳೇ ಫ್ಯಾಮಿಲಿ. ಸಪ್ಲೈಯರ್ ಬಂದವರು, “ಬೈ ಟೂ ಅಲ್ವಾ ಮೇಡಂ?” ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಹೋದರು. ಎರಡು ಬಟ್ಟಲು ಬಂದವು. ಒಂದು ನನ್ನ ಮುಂದೆ, ಒಂದು ಎದುರಿಗೆ. ನನ್ನದನ್ನು ಕುಡಿದೆ. ಸ್ವಲ್ಪ ಹೊತ್ತು ಬಿಟ್ಟು ಅವಳದ್ದನ್ನೂ ಎಳೆದುಕೊಂಡು ಕುಡಿದೆ. ಅಷ್ಟರಲ್ಲಿ ಅದು ಆರಿ ಕೆನೆಗಟ್ಟಿತ್ತು.

ನಗುವವರು ನಗಲಿ, ಆಮೇಲೂ ನಾನು ಅಲ್ಲಿ ಬೈ ಟೂವನ್ನೇ ಹೇಳಿದೆ. ವರ್ಷಗಟ್ಟಲೆ ಹೇಳಿದೆ. ಎದುರಿಗೊಂದು ಬಟ್ಟಲು ಹಬೆಯಾಡುತ್ತಿದ್ದರೆ ಯಾರೋ ಕೈ ತೊಳೆಯಲು ಎದ್ದು ಹೋಗಿದ್ದಾರೆ, ಈಗ ಬರುತ್ತಾರೆ ಎನ್ನಿಸುತ್ತಿತ್ತು.

ಊರು ಅಷ್ಟರಲ್ಲಿ ಬದಲಾಗುತ್ತಿತ್ತು. ಕಾಫಿ ರೇಟು ಬಿದ್ದಿತ್ತು, ಬೆಂಗಳೂರಿನವರು ಬೆಟ್ಟ ನೋಡಲು ಕಾರು ಕಟ್ಟಿಕೊಂಡು ಬರತೊಡಗಿದ್ದರು. ಅವರ ಹಿಂದೆಯೇ ಹೊಸ ಹೊಸ ಹೋಟೆಲುಗಳು ಬಂದವು. ಶೆಜ್ವಾನ್ ದೋಸೆ, ಪನೀರ್ ಹಾಕಿದ ಪಿಜ್ಜಾ, ಚೈನೀಸ್ ಭೇಲ್, ಕರಿದ ನೂಡಲ್ಸಿನ ಮೇಲೆ ಸಿಹಿ ಗೊಜ್ಜು ಸುರಿದ ಅಮೆರಿಕನ್ ಚಾಪ್ಸಿ. ಅಮೆರಿಕದವರು ಅದನ್ನು ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬಂತೆ ಎಲ್ಲವನ್ನೂ ತಿಂದು ನೋಡಿದೆ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅನ್ನುತ್ತಾರಲ್ಲ, ಎಲ್ಲದರಲ್ಲೂ ತಪ್ಪು ಹುಡುಕಿದೆ. ಅಡುಗೆಯಲ್ಲಿ ತಪ್ಪಿರಲಿಲ್ಲ. “ಥೂ, ಇದೆಂತ ಮಾರಾಯ್ತಿ” ಎನ್ನಲು ಎದುರಿಗೆ ಯಾರೂ ಇರಲಿಲ್ಲ, ಅಷ್ಟೆ. ಹೊಸ ಹೋಟೆಲುಗಳಲ್ಲಿ ಪರದೆ ಇರಲಿಲ್ಲ, ಹೆಂಗಸೊಬ್ಬಳು ಬಂದರೆ ಯಾರೂ ತಿರುಗಿ ನೋಡುತ್ತಲೂ ಇರಲಿಲ್ಲ. ಆದರೆ ಕೂತ ಕೂಡಲೇ “ಒಬ್ರೇನಾ ಮೇಡಂ?” ಎಂದು ಕೇಳಿ, ಉಳಿದ ಮೂರು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಎತ್ತಿಕೊಂಡು ಹೋಗುತ್ತಿದ್ದರು. ಆ ಸದ್ದು ನನಗೆ ಆಗುತ್ತಿರಲಿಲ್ಲ. ಹಳೆಯ ಹೋಟೆಲಿನಲ್ಲಿ ಮಾತ್ರ ನನ್ನ ಎದುರಿನ ತಟ್ಟೆಯನ್ನು ಯಾರೂ ತೆಗೆಯುತ್ತಿರಲಿಲ್ಲ.

ಒಂದು ದಿನ ಆಫೀಸಿಗೆ ಅವಳ ಫೋನು ಬಂತು. ಮದುವೆಯಾದ ಹೊಸದರಲ್ಲಿ ಹಬ್ಬಕ್ಕೋ ಹೊಸ ವರ್ಷಕ್ಕೋ ಒಂದು ಮಾತಾಡುತ್ತಿದ್ದಳು, ಆಮೇಲೆ ಅದೂ ಕಡಿಮೆಯಾಗಿತ್ತು.

“ನಾವು ಮನೇಲೇ ಹೋಮ್‌ಸ್ಟೇ ಮಾಡಿದೀವಿ ಕಣೆ. ಅಡುಗೆ ಎಲ್ಲಾ ನಂದೇ. ಪೇಟೆಯವ್ರು ಹೊಸ ತರದ್ದು ಕೇಳ್ತಾರೆ. ನೀನೊಂದ್ಸಲ ಬಾ, ಸೂಪು ಕುಡಿದು ಹೋಗು” ಎಂದಳು.

ಸೂಪು ಎಂದಳಲ್ಲ, ಅಷ್ಟು ಸಾಕಾಯಿತು. ನೆನಪಿಟ್ಟುಕೊಂಡಿದ್ದಾಳೆ ಎಂದುಕೊಂಡೆ. ನನಗೆ ಬೇರೇನೂ ಬೇಕಿರಲಿಲ್ಲ. ಅವಳ ಎದುರು ಕೂತು ಇನ್ನೊಂದು ಸಲ ಬೈ ಟೂ ಕುಡಿಯಬೇಕು, ಹೊಟ್ಟೆಬಾಕಿ ಎಂದು ಬೈಸಿಕೊಳ್ಳಬೇಕು. ಹೊರಡುವ ಹಿಂದಿನ ವಾರ ಊರಿಗೆ ಹೋಗಿ ಸೂಜಿಮೆಣಸು ಕಿತ್ತು ತಂದು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡೆ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಮೂಡಿಗೆರೆಯಲ್ಲಿ ಇಳಿದು ಇನ್ನೊಂದು ಬಸ್ಸು, ಬಾಳೂರು ದಾಟಿ ಮುಂದೆ ಜೀಪು. ತಿರುವುಗಳಲ್ಲಿ ಅತ್ತಿತ್ತ ವಾಲುವಾಗಲೂ ಗಂಟನ್ನು ಬಿಟ್ಟಿರಲಿಲ್ಲ.

ಅವಳು ದಪ್ಪಗಾಗಿದ್ದಳು, ಚೆನ್ನಾಗಿ ಕಾಣುತ್ತಿದ್ದಳು. ಅಂಗಳಕ್ಕೇ ಬಂದು ಕೈ ಹಿಡಿದುಕೊಂಡು, “ಎಷ್ಟು ಬಡವಾಗಿದೀಯೆ” ಎಂದಳು. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು. ಕಾಫಿ ಮೂಟೆ ಒಟ್ಟುತ್ತಿದ್ದ ಗೋಡೌನು ಈಗ ಊಟದ ಮನೆಯಾಗಿತ್ತು. ಬೆಂಗಳೂರಿನಿಂದ ಬಂದ ಎರಡು ಸಂಸಾರ ಆಗಲೇ ಕೂತಿದ್ದವು. ನನ್ನನ್ನು ಮೂಲೆಯ ಮೇಜಿನಲ್ಲಿ ಕೂರಿಸಿದಳು. ಚಿಲ್ಲಿ ಪೋರ್ಕಿನ ಜೊತೆ ಕಡುಬು, ಅಕ್ಕಿರೊಟ್ಟಿಯ ಒಳಗೆ ಚೀಸು ಇಟ್ಟು ಸುತ್ತಿದ ಸುರುಳಿ. ಎಲ್ಲಕ್ಕೂ ಮೊದಲು ಸೂಪು: ಜೋಳದ ಜೊತೆ ಹೆಚ್ಚಿದ ಎಳೆ ಬಿದಿರಿನ ಕಳಲೆ, ಮೇಲೆ ಅರೆದ ಸೂಜಿಮೆಣಸು.

ಬಂದವರು ಬಾಯಿ ಚಪ್ಪರಿಸಿದರು. ಒಬ್ಬರು, “ಈ ಐಡಿಯಾ ನಿಮಗೆ ಹೇಗೆ ಬಂತು?” ಎಂದು ಕೇಳಿದರು.

“ಮದುವೆಗೆ ಮುಂಚೆ ಚಿಕ್ಕಮಗಳೂರಲ್ಲಿ ಕೆಲಸಕ್ಕಿದ್ದೆ. ಅಲ್ಲೊಂದು ಹೋಟೆಲಿತ್ತು. ನಾವಿಬ್ರು ಅಲ್ಲೇ ಕಲ್ತಿದ್ದು,” ಎಂದು ನನ್ನ ಕಡೆ ಕೈ ತೋರಿಸಿದಳು. ಅವರೆಲ್ಲ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಅವಳ ಮೇಲೆ ಯಾವ ದೂರೂ ಹೇಳುವಂತಿಲ್ಲ.

ನನ್ನ ಮೇಜಿಗೆ ಬಂದು ಬಟ್ಟಲಿನ ಅಂಚಿನವರೆಗೆ ಸೂಪು ಸುರಿದಳು.

“ಬೈ ಟೂ ಮಾಡೆ. ನೀನೂ ಕೂತ್ಕೊ,” ಎಂದೆ.

“ಅಯ್ಯ, ನಮ್ಮನೇಲಿ ಎಂತಕ್ಕೆ ಬೈ ಟೂ? ಪಾತ್ರೆ ತುಂಬ ಇದೆ, ಪೂರ್ತಿ ಕುಡಿ ಮಾರಾಯ್ತಿ.”

“ನಿಂದು ಊಟ?”

“ನಂದೆಂತ, ಎಲ್ರದ್ದೂ ಆದ್ಮೇಲೆ.”

ಅದು ನನಗೆ ಗೊತ್ತಿಲ್ಲದ ಪದ್ಧತಿಯೇನಲ್ಲ. ನೆಂಟರು ಏಳುವ ತನಕ ಮನೆಯ ಹೆಂಗಸು ಕೂರುವುದಿಲ್ಲ. ನಮ್ಮ ಅಮ್ಮನೂ ಕೂರುತ್ತಿರಲಿಲ್ಲ. ಆದರೆ ನಾನು ಅವಳಿಗೆ ನೆಂಟಳಾಗಿದ್ದೇನೆ ಎಂಬುದು ಆ ತುಂಬಿದ ಬಟ್ಟಲು ನೋಡುವ ತನಕ ಹೊಳೆದಿರಲಿಲ್ಲ. ಸೌಟು ಹಿಡಿದು ಪಕ್ಕದಲ್ಲಿ ನಿಂತು, “ಖಾರ ಸರಿ ಇದ್ಯಾ?” ಎಂದು ಕೇಳಿದಳು. ಸರಿ ಇದೆ ಎಂದೆ. ನಿಜಕ್ಕೂ ಚೆನ್ನಾಗಿತ್ತು. ಅಷ್ಟು ಒಳ್ಳೆಯ ಸೂಪು ನಾವು ಆ ಹೋಟೆಲಿನಲ್ಲಿ ಯಾವತ್ತೂ ಕುಡಿದಿರಲಿಲ್ಲ.

ಮೂರು ಗಂಟೆಯ ಜೀಪು ತಪ್ಪಿದರೆ ಮುಂದೆ ಬಸ್ಸು ಸಿಗುತ್ತಿರಲಿಲ್ಲ. ನಾನು ಹೊರಟಾಗ ಅವಳು ಇನ್ನೂ ಬಡಿಸುತ್ತಲೇ ಇದ್ದಳು. ಅವಳು ಉಂಡಿದ್ದನ್ನು ನಾನು ನೋಡಲಿಲ್ಲ. ಮೆಣಸಿನ ಗಂಟು ಬಿಚ್ಚದೆ ಹಾಗೇ ವಾಪಸು ಬಂತು.

ಸಂಬಳದ ಶನಿವಾರ ಹಳೆಯ ಹೋಟೆಲಿಗೆ ಹೋದೆ. ಮೀನಿನ ತೊಟ್ಟಿಯಲ್ಲಿ ಮೀನಿರಲಿಲ್ಲ, ಪರದೆ ಮಾಸಿತ್ತು, ಸಪ್ಲೈಯರಿಗೆ ಕನ್ನಡಕ ಬಂದಿತ್ತು. ಅವರು ಎಂದಿನಂತೆ “ಬೈ ಟೂ” ಎಂದುಕೊಂಡೇ ತಿರುಗಿದರು.

“ಇವತ್ತು ಒಂದು ಫುಲ್ ಕೊಡಿ” ಎಂದೆ.

ಅವರು ನಿಂತರು. ನನ್ನ ಎದುರಿನ ಕುರ್ಚಿಯನ್ನು ನೋಡಿದರು. ಒಂದಲ್ಲ ಒಂದು ದಿನ ಅವಳು ಬರುತ್ತಾಳೆಂದು ಇಷ್ಟು ವರ್ಷ ಅವರೂ ಅಂದುಕೊಂಡಿದ್ದರು ಎಂದು ಆಗ ಗೊತ್ತಾಯಿತು.

“ಅವ್ರು ಬರಲ್ವಾ ಮೇಡಂ?”

“ಇಲ್ಲ,” ಎಂದು ಎದುರಿನ ತಟ್ಟೆಯನ್ನು ನಾನೇ ಎತ್ತಿ ಅವರ ಕೈಗೆ ಕೊಟ್ಟೆ. “ಅವ್ರದ್ದು ಊಟ ಆಗಿದೆ.”