ಆಕ್ಸಲ್ ಕಟ್ಟಾಯ್ತು ಅಂದದ್ದೇ ತಪ್ಪಾಯ್ತು

"ನಿಮ್ಮ ಡ್ರೈವರ್ರೇ ಆಕ್ಸಲ್ ಕತ್ತರಿಸಿದ್ದಾನೆ ಮೇಡಂ. ಕತ್ತರಿಸಿದ ಮಾಲಿಗೆ ಕಂಪನಿ ವಾರಂಟಿ ಕೊಡಲ್ಲ."

ಶಿರಾದ ಹೈವೇ ಪಕ್ಕದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ, ಗಾಜಿನ ಕೌಂಟರಿನ ಹಿಂದೆ ಕೂತ ಮ್ಯಾನೇಜರ್ ಹೀಗಂದಾಗ ನಾನು ನಕ್ಕುಬಿಟ್ಟೆ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ನಗಲಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ನಮ್ಮ ಡ್ರೈವರ್ ಜುಂಜಣ್ಣನೂ ನಗಲಿಲ್ಲ. ಅವನ ಮುಖ ನೋಡಿದ ಮೇಲೆ ನನ್ನ ನಗುವೂ ನಿಂತಿತು.

ಆಕ್ಸಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ (ಮೊನ್ನೆ ಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ). ಕಾರಿನ ಹಿಂದಿನ ಚಕ್ರವನ್ನು ತಿರುಗಿಸುವ ಉಕ್ಕಿನ ಸರಳು ಅದು. ಹೆಬ್ಬೆರಳಿಗಿಂತ ದಪ್ಪ. ಕತ್ತರಿಸುತ್ತೇನೆ ಅಂತ ಹೊರಡಲು ಅದೇನು ಕಬ್ಬಾ? ಹೆಂಗಸು ಅಡುಗೆ ಮನೆ ಬಿಟ್ಟು ಆಕ್ಸಲ್ ಬಗ್ಗೆ ಬರೆಯುವುದಾ ಅಂತ ಮೂಗು ಮುರಿಯುವವರು ಧಾರಾಳವಾಗಿ ಪುಟ ತಿರುಗಿಸಿ. ಮುಂದಿನ ಪುಟದಲ್ಲಿ ರಾಶಿಭವಿಷ್ಯ ಇದೆ.

ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಕರಿ ಮೈ, ಹಳದಿ ತಲೆಯ ಒಂದು ಟ್ಯಾಕ್ಸಿ, ಮತ್ತು ಅದನ್ನು ಓಡಿಸುವ ಜುಂಜಣ್ಣ. ಅವನು ಬುಕ್ಕಾಪಟ್ಟಣದ ಕಡೆಯ ಗೊಲ್ಲರಹಟ್ಟಿಯವನು. ಅಣ್ಣತಮ್ಮಂದಿರೆಲ್ಲ ಕುರಿ ಹಿಂದೆ ಹೋದರು, ಇವನೊಬ್ಬ ಸ್ಟೇರಿಂಗ್ ಹಿಡಿದ. ಮಧುಗಿರಿ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನಷ್ಟು ನಿಧಾನಕ್ಕೆ ಗಾಡಿ ಓಡಿಸುವವರು ಇನ್ನೊಬ್ಬರಿಲ್ಲ. ಅವಸರ ಇದ್ದವರು ಅವನ ಕಾರು ಹತ್ತುವುದೇ ಇಲ್ಲ! ಆದರೆ ಬಸುರಿ ಬಾಣಂತಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕೆಂದರೆ ಜನ ಬೇರೆ ಕಾರಿದ್ದರೂ ಬಿಟ್ಟು ಅವನಿಗಾಗಿ ಕಾಯುತ್ತಾರೆ. ಹಳ್ಳ ದಿಣ್ಣೆ ಬಂದರೆ ಅವನೇ ಇಳಿದು ನೋಡಿ ಬಂದು, "ಗಟ್ಟಿಯಾಗಿ ಹಿಡ್ಕಳವ್ವ" ಅಂತ ಹೇಳಿ, ಆಮೇಲೆ ಗಾಡಿ ಬಿಡುತ್ತಾನೆ. ಅವನು ಸಂಪಾದಿಸಿರುವ ಆಸ್ತಿ ಅಂದರೆ ಈ ಹೆಸರೊಂದೇ.

ಈಗ ಆಕ್ಸಲ್ ಕತೆಗೆ ಬರುತ್ತೇನೆ. ಪಾವಗಡದಲ್ಲಿ ತಂಗಿಯ ಮಗುವಿನ ನಾಮಕರಣ. ಚಕ್ಕುಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ನಾನು ಹಿಂದೆ ಕೂತಿದ್ದೆ. ಮಿಡಿಗೇಶಿ ದಾಟಿದ ಸ್ವಲ್ಪ ಹೊತ್ತಿಗೆ ಕೆಳಗಿನಿಂದ 'ಟಕ್' ಅಂತ ಸದ್ದು. ಇಂಜಿನ್ ಕೂಗುತ್ತಿದೆ, ಕಾರು ಮಾತ್ರ ಮುಂದಕ್ಕೆ ಹೋಗುತ್ತಿಲ್ಲ. ಹೊಸ ಆಕ್ಸಲ್ ಅದು. ಇದೇ ಶಿರಾದ ಅಂಗಡಿಯಲ್ಲಿ, ವಾರಂಟಿ ಸಮೇತ ಕೊಂಡು ಹಾಕಿಸಿ ತಿಂಗಳು ಕೂಡ ತುಂಬಿರಲಿಲ್ಲ.

ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬರು ಕಾಲೂರಿ ನಿಂತು ಕೇಳಿದರು, "ಏಮೈಂದಿ ಅನ್ನಾ?"

ಜುಂಜಣ್ಣ ತನಗೆ ಬರುವ ತೆಲುಗಿನಲ್ಲಿ, "ಆಕ್ಸಲ್ ಕಟ್ಟಯಿಂದಿ" ಅಂದ.

"ಅಯ್ಯೋ, ಕಟ್ಟಯಿಪೋಯಿಂದಾ!" ಅಂತ ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಕಾರು ತಳ್ಳಲು ಕೈ ಕೊಟ್ಟರು. ಎಷ್ಟು ಸಲೀಸಾಗಿ ಅರ್ಥವಾಯಿತು ನೋಡಿ.

ಮಾರನೆಯ ದಿನ ಜುಂಜಣ್ಣ ಮುರಿದ ಆಕ್ಸಲ್ಲಿನ ಒಂದು ತುಂಡು ತೆಗೆದುಕೊಂಡು ಶಿರಾಕ್ಕೆ ಹೋಗಿ ಅಂಗಡಿಯ ಗುಮಾಸ್ತರಿಗೆ ಅದೇ ಮಾತು ಹೇಳಿದ: "ಮಿಡಿಗೇಶಿತಾವ ಆಕ್ಸಲ್ ಕಟ್ಟಾಗೋಯ್ತು ಸಾ." ಗುಮಾಸ್ತರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಬೆಂಗಳೂರಿನ ಕಂಪನಿ ಆಫೀಸಿಗೆ ಕಳಿಸಿದರು. ಹೇಗೆ ತಿರುಗಿಸಿದರು ಅಂತೀರಿ? ಮಿಡಿಗೇಶಿ ಹತ್ತಿರ ಡ್ರೈವರ್ ಆಕ್ಸಲ್ಲನ್ನು ಕಟ್ ಮಾಡಿದ, ಅಂತ! ಬೆಂಗಳೂರಿನಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಓದಿ, ಬೇಕಂತಲೇ ಕತ್ತರಿಸಿ ಹೊಸದು ಕೇಳುವ ಕಳ್ಳಾಟ ಇದು ಅಂತ ತೀರ್ಮಾನಿಸಿಬಿಟ್ಟರು. ತುಂಡನ್ನು ಕಣ್ಣಿಟ್ಟು ನೋಡುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

ಅಲ್ಲಾ ಸ್ವಾಮಿ, ನಮ್ಮ ಕಡೆ ಯಾವುದು ಕಟ್ ಆಗುವುದಿಲ್ಲ ಹೇಳಿ? ದಿನಾ ಸಂಜೆ ಕರೆಂಟ್ ಕಟ್ಟಾಗುತ್ತದೆ. ಇಲಾಖೆಯವರು ಕತ್ತರಿ ಹಿಡಿದು ಕಂಬ ಹತ್ತುತ್ತಾರಾ? ಸಂತೆಗೆ ಹೋದರೆ ಚಪ್ಪಲಿ ಕಟ್ಟಾಗುತ್ತದೆ. ಟ್ರಂಕ್ ಕಾಲ್ ಸಿಕ್ಕಿ, ಹಲೋ ಅನ್ನುವಷ್ಟರಲ್ಲಿ ಲೈನ್ ಕಟ್ಟಾಗುತ್ತದೆ. ನಮ್ಮ ಕಾಲೇಜು ಹುಡುಗರು ಕ್ಲಾಸಿಗೆ ಕಟ್ ಹೊಡೆಯುತ್ತಾರೆ. ನಾವು ಇಂಗ್ಲಿಷಿನಿಂದ ಆ ಪದ ತಂದುಕೊಂಡದ್ದು ನಿಜ. ತಂದ ಮೇಲೆ ಅದು ನಮ್ಮ ಮನೆಯ ಮಗು. ನಮ್ಮ ಮನೆಯಲ್ಲಿ ನಾವು ಹೇಳಿದಂತೆ ಕೇಳಿಕೊಂಡಿರುತ್ತದೆ.

ಇದನ್ನೆಲ್ಲ ಮ್ಯಾನೇಜರಿಗೆ ಹೇಳಿ ನೋಡಿದೆ. ಅವರು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತಾ, "ಬೆಂಗಳೂರಿಂದ ಬಂದ ಉತ್ತರ ಮೇಡಂ, ನಮ್ಮ ಕೈಲೇನೂ ಇಲ್ಲ. ಇದೆಲ್ಲ ಟೆಕ್ನಿಕಲ್ಲು. ನಿಮ್ಮ ಯಜಮಾನ್ರನ್ನ ಕಳಿಸಿ, ಅವರ ಹತ್ರ ಮಾತಾಡ್ತೀನಿ" ಅಂದರು.

"ಈ ಕಾರಿಗೆ ಯಜಮಾನಿ ನಾನೇ" ಅಂದೆ.

"ಆಯ್ತು ಮೇಡಂ" ಅಂತ ಅವರು ಪಕ್ಕದ ಗಿರಾಕಿಯ ಕಡೆ ತಿರುಗಿಕೊಂಡರು. ಅಲ್ಲಿಗೆ ನನ್ನ ಮೊದಲ ಭೇಟಿ ಮುಗಿಯಿತು.

ಆಕ್ಸಲ್ ಹೋಯಿತು, ಹಾಳಾಗಿ ಹೋಗಲಿ ಅಂತ ಬೇರೆ ಕಡೆಯಿಂದ ಒಂದು ಹಳೆಯ ಆಕ್ಸಲ್ ತಂದು ಹಾಕಿಸಿದೆವು. ಕಾರು ಓಡತೊಡಗಿತು. ಆದರೆ ಅಂಗಡಿಯ ಮಾತು ನಮಗಿಂತ ಮೊದಲೇ ಮಧುಗಿರಿ ತಲುಪಿತ್ತು. ಸ್ಟ್ಯಾಂಡಿನಲ್ಲಿ ಬೇರೆ ಡ್ರೈವರುಗಳಿಗೆ ಹಬ್ಬ. "ಲೇ ಜುಂಜಾ, ಆಕ್ಸಲ್ ಕುಯ್ಯಕೆ ಎಷ್ಟ್ ಬ್ಲೇಡ್ ಸವುಸ್ದೆ ಕಣ್ಲಾ?" ಅಂತ ಒಬ್ಬ. "ನಮ್ ಗಾಡಿ ಪಕ್ಕ ಬರ್ಬ್ಯಾಡ ಕಣಪ್ಪೋ" ಅಂತ ಇನ್ನೊಬ್ಬ. ತಮಾಷೆಯೇ, ಒಪ್ಪುತ್ತೇನೆ. ಆದರೆ ತಮಾಷೆ ಬೇಗ ಕೈ ಮೀರಿತು.

ಕೊಡಿಗೇನಹಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ರುದ್ರಪ್ಪನವರ ಸೊಸೆ ತುಂಬು ಬಸುರಿ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವುದು ಮೊದಲಿನಿಂದಲೂ ಜುಂಜಣ್ಣನ ಕೆಲಸ. ಅವರು ಬಸ್ ಕಂಡಕ್ಟರ್ ಕೈಯಲ್ಲಿ ಹೇಳಿ ಕಳಿಸಿದರು: ಈ ಸಲ ಬರುವುದು ಬೇಡ, ಬೇರೆ ಗಾಡಿ ನೋಡಿಕೊಂಡಿದ್ದೇವೆ. ಯಾಕಂತೆ? "ಕಂಪ್ನಿಯೋರು ಸುಮ್‌ಸುಮ್ನೆ ಬರೀತಾರಾ? ಏನೋ ಇರ್ಬೇಕು" ಅಂದರಂತೆ.

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಜುಂಜಣ್ಣ ಜಗುಲಿಯ ಮೇಲೆ ಕೂತಿದ್ದಾನೆ. ಕಾರಿನ ಬೀಗದ ಕೈ ನನ್ನ ಮುಂದೆ ಇಟ್ಟ.

"ಏನೋ ಇದು ಜುಂಜಣ್ಣ?"

"ನಾನಿನ್ನ ಸ್ಟೇರಿಂಗ್ ಮುಟ್ಟಾಕಿಲ್ಲ ಕಣಮ್ಮ. ಕುಡ್ಕ ಅಂದಿದ್ರೂ ತಡ್ಕತಿದ್ದೆ. ಕುಯ್ದ ಅಂದ್ಬುಟ್ರಲ್ಲ! ಹೆಣ್ಮಕ್ಳು ಕೂರೋ ಗಾಡಿ ಆಕ್ಸಲ್ ಕುಯ್ಯೋನು ಮನ್ಸನಾ? ಆ ಮಾತು ಅವ್ರು ವಾಪಸ್ ತಗಳ್ಲಿ, ಆಮ್ಯಾಕೆ ನೋಡಾನ."

ಹೇಳಿದವನೇ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. ಅಪ್ಪ ಸತ್ತಾಗ ಬಿಟ್ಟರೆ ಅವನನ್ನು ಹಾಗೆ ನಾನು ನೋಡಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ನನ್ನ ಸಿಟ್ಟು ಈ ಅಂಕಣದ ಓದುಗರಿಗೆ ಹೊಸದೇನಲ್ಲ ಬಿಡಿ. ನಮ್ಮ ಹತ್ತಿರ ಉಳಿದಿದ್ದ ಆಕ್ಸಲ್ಲಿನ ಇನ್ನೊಂದು ತುಂಡನ್ನು ಗೋಣಿಚೀಲಕ್ಕೆ ಹಾಕಿಸಿ, "ಏಳು, ಶಿರಾಕ್ಕೆ ಹೋಗೋಣ" ಅಂದೆ. ಅವನು ಕಾರು ಮುಟ್ಟುವುದಿಲ್ಲವಲ್ಲ, ಹಾಗಾಗಿ ಬಸ್ಸಿನಲ್ಲೇ ಹೋದೆವು.

ಮ್ಯಾನೇಜರ್ ನಮ್ಮನ್ನು ನೋಡಿದ್ದೇ, "ಹೇಳಿದ್ನಲ್ಲ ಮೇಡಂ" ಅಂತ ಶುರು ಮಾಡಿದರು.

"ನೀವು ಹೇಳಿದ್ದು ಕೇಳಿಸ್ಕೊಂಡಿದ್ದೀನಿ. ಈಗ ನಾನು ಸ್ವಲ್ಪ ಹೊತ್ತು ಕೂತ್ಕೋತೀನಿ" ಅಂತ ಗಿರಾಕಿಗಳ ಬೆಂಚಿನ ಮೇಲೆ ಕೂತೆ. ಜುಂಜಣ್ಣ ಚೀಲ ಹಿಡಿದು ಪಕ್ಕದಲ್ಲಿ ನಿಂತ. ಜಗಳ ಮಾಡುವ ಹೆಂಗಸನ್ನು ಹೊರಗೆ ಕಳಿಸಬಹುದು. ಸುಮ್ಮನೆ ಕೂತವಳನ್ನು ಏನು ಮಾಡುತ್ತಾರೆ?

ಒಬ್ಬ ಲಾರಿ ಡ್ರೈವರ್ ಬಂದ. "ಫ್ಯಾನ್ ಬೆಲ್ಟ್ ಕಟ್ಟಾಯ್ತು ಸಾರ್, ಒಂದ್ ಕೊಡಿ."

"ಎಲ್ಲಿ ಕಟ್ಟಾಯ್ತಪ್ಪ?" ಅಂತ ಕೇಳುತ್ತಾ ಮ್ಯಾನೇಜರ್ ಬೆಲ್ಟ್ ತೆಗೆದುಕೊಟ್ಟರು.

ಶಿರಾ ಪೇಟೆಯ ಕಡೆಯಿಂದ ಗಡ್ಡದ ಒಬ್ಬ ಹಿರಿಯರು ಬಂದರು. "ಕ್ಲಚ್ ವೈರ್ ಕಟ್ ಗಯಾ ಭಾಯ್."

"ಫಿರ್ ಕಟ್ ಗಯಾ ಕ್ಯಾ?" ಅಂತ ಮ್ಯಾನೇಜರ್ ಅವರ ಭಾಷೆಯಲ್ಲೇ ಕೇಳಿದರು.

ಇನ್ನು ತಡೆದುಕೊಳ್ಳಲು ಆಗಲಿಲ್ಲ. ಎದ್ದು ನಿಂತೆ.

"ಏನ್ ಸ್ವಾಮಿ, ಅವರ ಬೆಲ್ಟು ತಾನಾಗೇ ಕಟ್ಟಾಗುತ್ತೆ. ಇವರ ವೈರು ತಾನಾಗೇ ಕಟ್ಟಾಗುತ್ತೆ. ನಮ್ಮ ಆಕ್ಸಲ್ ಮಾತ್ರ ಜುಂಜಣ್ಣ ಕೂತ್ಕೊಂಡು ಕುಯ್ದನಾ? ಕನ್ನಡದಲ್ಲಿ ತಿಳಿಯುತ್ತೆ, ಉರ್ದುವಿನಲ್ಲಿ ತಿಳಿಯುತ್ತೆ, ಪಾವಗಡದ ದಾರೀಲಿ ಸೈಕಲ್ ಮೇಲೆ ಬಂದೋರಿಗೆ ತೆಲುಗಿನಲ್ಲೂ ತಿಳೀತು. ಕ್ಲೈಮ್ ಅಂದ ಕೂಡಲೇ ನಿಮಗೆ ಮರೆತುಹೋಗುತ್ತಾ?"

ಅಂಗಡಿಯಲ್ಲಿದ್ದವರು ಗೊಳ್ಳೆಂದು ನಕ್ಕರು. ಜುಂಜಣ್ಣ ಚೀಲದಿಂದ ತುಂಡು ತೆಗೆದು ಕೌಂಟರಿನ ಮೇಲಿಟ್ಟ. ಮುರಿದ ಮುಖ ಬೆಲ್ಲದಚ್ಚು ಒಡೆದ ಹಾಗೆ ಹರಳು ಹರಳಾಗಿತ್ತು. ಒಂದು ಮಗ್ಗುಲಲ್ಲಿ, ಉಕ್ಕಿನ ಒಳಗೇ, ಕಪ್ಪಗೆ ಹಳೆಯ ಬಿರುಕು. ಮಾಲು ಹುಟ್ಟುವಾಗಲೇ ಕೆಟ್ಟು ಹುಟ್ಟಿತ್ತು. ಲಾರಿ ಡ್ರೈವರ್ ಬಗ್ಗಿ ನೋಡಿ, "ಇದನ್ ಕುಯ್ದದ್ದು ಅಂತ ಯಾವನ್ ಹೇಳಿದ್ದು?" ಅಂದ.

ಮ್ಯಾನೇಜರ್ ಬೆವರು ಒರೆಸಿಕೊಂಡು, ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಮೇಡಂ, ಗಲಾಟೆ ಯಾಕೆ? ನಾನೇ ಒಂದು ಹೊಸ ಆಕ್ಸಲ್ ಕೊಟ್ಬಿಡ್ತೀನಿ, ಫ್ರೀ. ಬೆಂಗಳೂರಿಗೆ ಹೋದ ಮಾತು ನಾನು ತಿದ್ದೋಕಾಗಲ್ಲ. 'ಡ್ರೈವರ್ ತಪ್ಪಿನಿಂದ ಆದದ್ದು' ಅಂತ ನೀವೊಂದು ಸೈನ್ ಹಾಕಿ ಸಾಕು."

ನಾನು ಜುಂಜಣ್ಣನ ಮುಖ ನೋಡಿದೆ. ಅವನಿಗೆ ಅಷ್ಟೂ ಕೇಳಿಸಿತ್ತು.

"ಬ್ಯಾಡ ಕಣಮ್ಮ" ಅಂದ.

"ನಮಗೆ ಆಕ್ಸಲ್ ಬೇಡ ಸ್ವಾಮಿ. ಇವನು ಕುಯ್ದಿಲ್ಲ ಅಂತ ಒಂದು ಮಾತು ಹೇಳಿ, ಹೋಗ್ತೀವಿ" ಅಂದೆ.

"ಅದಾಗಲ್ಲ ಮೇಡಂ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ."

ಹಾಗನ್ನಬಾರದಿತ್ತು ಅವರು. ನನ್ನನ್ನು ಬಲ್ಲವರು ಯಾರೂ ನನಗೆ ಹಾಗನ್ನುವುದಿಲ್ಲ.

ಮಧುಗಿರಿಗೆ ಬಂದವಳೇ ಟ್ಯಾಕ್ಸಿ ಸ್ಟ್ಯಾಂಡಿನ ಬೇವಿನ ಮರಕ್ಕೆ ಆ ತುಂಡನ್ನು ತಂತಿಯಲ್ಲಿ ಕಟ್ಟಿಸಿದೆ, ಎಲ್ಲರ ಕೈಗೆ ಎಟುಕುವ ಹಾಗೆ. ಮೇಲೊಂದು ಬೋರ್ಡು. ಅಂಗಡಿಯ ಹೆಸರು ಹಾಕಲಿಲ್ಲ. ದಪ್ಪ ಅಕ್ಷರದಲ್ಲಿ ಇಷ್ಟೇ ಬರೆಸಿದೆ: "ಇದು ಕುಯ್ದದ್ದೋ, ಮುರಿದದ್ದೋ? ಮುಟ್ಟಿ ನೋಡಿ."

ಜನ ಮುಟ್ಟಿದರು ನೋಡಿ! ಕೊರಟಗೆರೆ ಬಸ್ಸಿಗೆ ಕಾಯುವವರು ಮುಟ್ಟಿದರು, ಹೂ ಮಾರುವವರು ಮುಟ್ಟಿದರು, ಪೋಸ್ಟ್‌ಮ್ಯಾನ್ ಚೀಲ ಕೆಳಗಿಟ್ಟು ಮುಟ್ಟಿದರು. ಬ್ಲೇಡಿನ ತಮಾಷೆ ಮಾಡಿದ್ದ ಡ್ರೈವರುಗಳೇ ಈಗ ಬಂದವರಿಗೆಲ್ಲ, "ಇಲ್ನೋಡಿ, ಇಲ್ಲಿ ಕರ್ರಗದಲ್ಲ" ಅಂತ ತೋರಿಸಿ ಹೇಳತೊಡಗಿದರು. ಜುಂಜಣ್ಣ ಮಾತ್ರ ಆ ಕಡೆ ತಲೆ ಹಾಕಲಿಲ್ಲ.

ಮೊನ್ನೆ ರುದ್ರಪ್ಪನವರು ಜುಂಜಣ್ಣನನ್ನು ಹುಡುಕಿಕೊಂಡು ಸ್ಟ್ಯಾಂಡಿಗೆ ಬಂದರು. ಕನ್ನಡಕ ಹಾಕಿಕೊಂಡು ಬೋರ್ಡು ಓದಿದರು, ಮುರಿದ ಮುಖದ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ನೆಟ್ಟಗೆ ನಮ್ಮ ಮನೆಗೆ ಬಂದು, ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ ಜುಂಜಣ್ಣನ ಮುಂದೆ ನಿಂತರು.

"ಜುಂಜಣ್ಣ, ನಮ್ಮದು ತಪ್ಪಾಯ್ತಪ್ಪ. ಸೊಸೆಗೆ ನೋವು ಕಾಣಿಸ್ಕೊಂಡದೆ. ಬೇರೆ ಗಾಡಿ ಹತ್ತಲ್ಲ ಅಂತ ಕೂತವ್ಳೆ. ಬರ್ತೀಯಾ?"

ಅವನು ಕೊಡಲಿ ಕೆಳಗಿಟ್ಟು ನನ್ನ ಮುಂದೆ ಕೈ ಚಾಚಿದ. "ಕೀ ಕೊಡ್ರಮ್ಮ."

"ಶಿರಾದವರು ಇನ್ನೂ ಮಾತು ವಾಪಸ್ ತಗೊಂಡಿಲ್ವಲ್ಲೋ?" ಅಂದೆ, ಬಾಯಿ ಸುಮ್ಮನಿರಬೇಕಲ್ಲ.

"ಅವ್ರು ತಗಳ್ಳೋಗಂಟ ಆ ಮಗ ಹೊಟ್ಟೇಲಿ ಕಾದ್ಕಂಡ್ ಕೂತ್ಕತದಾ?" ಅಂತ ಬೀಗದ ಕೈ ಕಿತ್ತುಕೊಂಡು ಓಡಿದ. ಅವನು ಓಡಿದ್ದನ್ನು ನೋಡಿದ್ದು ನಾನು ಅದೇ ಮೊದಲು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ.

ಜುಂಜಣ್ಣ ಸ್ಟೇರಿಂಗ್ ಹಿಡಿದನಲ್ಲ, ಇನ್ನಾದರೂ ಬಿಟ್ಟುಬಿಡು ಅಂತ ಮನೆಯವರು ಹೇಳುತ್ತಿದ್ದಾರೆ. ಯಾಕೆ ಬಿಡಬೇಕು? ಅವನು ದೊಡ್ಡ ಮನಸ್ಸು ಮಾಡಿದ, ಸರಿ. ಶಿರಾದವರ ಮಾತು ಹಾಗೇ ಇದೆಯಲ್ಲ?

ನಿನ್ನೆ ಶಿರಾದಿಂದ ಮ್ಯಾನೇಜರ್ ಹೇಳಿಕಳಿಸಿದ್ದಾರೆ. ಅಂಗಡಿಗೆ ಬರುವ ಡ್ರೈವರುಗಳೆಲ್ಲ, "ಇದು ಕಟ್ಟಾದ್ರೆ ನಾವೇ ಕುಯ್ದ್ವಿ ಅಂತೀರೇನ್ರೀ?" ಅಂತ ಕೇಳಿಕೊಂಡೇ ಮಾಲು ಮುಟ್ಟುತ್ತಿದ್ದಾರಂತೆ. ದಯವಿಟ್ಟು ಆ ತುಂಡನ್ನು ಮರದಿಂದ ಇಳಿಸಿ, ಒಂದಲ್ಲ, ಎರಡು ಹೊಸ ಆಕ್ಸಲ್ ಕೊಡುತ್ತೇನೆ ಅಂದಿದ್ದಾರೆ.

ನನ್ನ ಉತ್ತರ ಇಲ್ಲಿಯೇ ಬರೆಯುತ್ತೇನೆ, ಅವರೂ ಈ ಪತ್ರಿಕೆ ತರಿಸುತ್ತಾರೆ. ಆಕ್ಸಲ್ ನೀವೇ ಇಟ್ಟುಕೊಳ್ಳಿ. ಮಧುಗಿರಿಗೆ ಬನ್ನಿ, ಆ ಬೇವಿನ ಮರದ ಕೆಳಗೆ ನಿಂತು, ಸ್ಟ್ಯಾಂಡಿನವರಿಗೆಲ್ಲ ಕೇಳಿಸುವ ಹಾಗೆ, ಕನ್ನಡದಲ್ಲಿ, "ಜುಂಜಣ್ಣ ಕುಯ್ದಿಲ್ಲ" ಅನ್ನಿ. ತುಂಡನ್ನು ನಾನೇ ಇಳಿಸಿಕೊಡುತ್ತೇನೆ.

ಬಸ್ಸು ಸಿಗದಿದ್ದರೆ ಹೇಳಿ ಮ್ಯಾನೇಜರ್ ಸಾಹೇಬರೇ, ಜುಂಜಣ್ಣನನ್ನೇ ಕಳಿಸುತ್ತೇನೆ: ಅವನು ಓಡಿಸುವ ಕಾರಿನಲ್ಲಿ ಕೂರಲು ನಿಮಗೇನೂ ಭಯವಿಲ್ಲ ತಾನೆ?