ಮೋದಿನಸಾಬನ ಫ್ಲಾಶು

ಹೆಂಗಸರ ಕಡೆಯ ಮದುವೆ ಫೋಟೋ ಎಂದರೆ ಗಜೇಂದ್ರಗಡದ ಕಮರುನ್ನಿಸಾ. ರೋಣದಿಂದಲೂ ನರಗುಂದದಿಂದಲೂ ಅವಳಿಗೇ ಕರೆ ಬರುತ್ತಿತ್ತು. ಮುಸಲ್ಮಾನರ ಮದುವೆಯಲ್ಲಿ ಗಂಡಸರ ಚಪ್ಪರಕ್ಕೆ ಬೇಕಾದಷ್ಟು ಫೋಟೋದವರು ಸಿಗುತ್ತಾರೆ. ಪರದೆಯ ಒಳಗೆ, ಮದುವಣಗಿತ್ತಿಯ ಮಗ್ಗುಲಿಗೆ, ಕ್ಯಾಮೆರಾ ಹಿಡಿದು ಹೋಗುವ ಗಂಡಸು ಯಾರಿದ್ದಾನೆ? ಹೋದರೆ ಕಾಲು ಮುರಿಸಿಕೊಂಡೇ ಬಂದಾನು! ಅಲ್ಲಿಗೆ ಇವಳೇ ಬೇಕು.

ಕೆಲಸ ಕಲಿಸಿದವನು ಗಂಡ ಮೋದಿನಸಾಬ. ಇಪ್ಪತ್ತು ವರ್ಷ ರೀಲು ಹಾಕಿ ಫೋಟೋ ತೆಗೆದ ಮನುಷ್ಯ. ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣು ತಿಂದು ಹಾಕಿತು. ಎರಡು ವರ್ಷದಿಂದ ಮಂಚದ ಮೇಲೆ ಕೂತು, ಹೆಂಡತಿ ತೆಗೆದ ಒಂದೊಂದು ಫೋಟೋವನ್ನೂ ಅವಳ ಬಾಯಿಂದಲೇ ಕೇಳುತ್ತಿದ್ದ. ನೆರಳು ಎತ್ತ ಬಿದ್ದಿದೆ, ಮೂಗಿನ ಮೇಲೆ ಹೊಳಪು ಬಂದಿದೆಯೇ ಎಂದು ಕೆದಕಿ ಕೆದಕಿ ಕೇಳಿ, ತಪ್ಪಿದ್ದರೆ ಬೈಯುತ್ತಿದ್ದ. ಹಾಗೆ ಬೈಯುವ ಹೊತ್ತಿನಲ್ಲಷ್ಟೇ ಅವನು ಮೊದಲಿನ ಮೋದಿನಸಾಬನಾಗಿರುತ್ತಿದ್ದ. ಅದಕ್ಕೆಂದೇ ಅವಳು ಬೈಸಿಕೊಳ್ಳುತ್ತಿದ್ದಳು.

ಎರಡು ಸಾವಿರದ ಏಳರಲ್ಲಿ ಅವಳ ತವರಿನ ಬಳೆ ಹೋಗಿ ಡಿಜಿಟಲ್ ಕ್ಯಾಮೆರಾ ಬಂತು. ಅದರ ತಲೆಯ ಮೇಲಿದ್ದ ಚಿಕ್ಕ ಫ್ಲಾಶು ಹಳೇ ಮಾಳಿಗೆ ಮನೆಗಳಲ್ಲಿ ಯಾತಕ್ಕೂ ಬಾರದು. ಮುಖ ಹಿಟ್ಟು ಬಳಿದಂತೆ ಬೆಳ್ಳಗಾಗಿ, ಹಿಂದಿನದೆಲ್ಲ ಕತ್ತಲಾಗುತ್ತಿತ್ತು. ಮೇಲೆ ಹಚ್ಚುವ ಬೇರೆ ಫ್ಲಾಶು ಬೇಕೇ ಬೇಕಾಯಿತು. ಹುಬ್ಬಳ್ಳಿಯ ಅಂಗಡಿಯವನು ಎರಡು ಹೊಸ ನಮೂನೆ ತೋರಿಸಿ, ಬರುವಾಗ ಖಡಾಖಂಡಿತ ಹೇಳಿದ್ದ: "ಯಾವುದರೆ ತಗೋರಿ ಅಕ್ಕಾರ, ರೀಲಿನ ಕಾಲದ ಫ್ಲಾಶ್ ಮಾತ್ರ ಇದಕ್ಕ ಹಚ್ಚಬ್ಯಾಡ್ರಿ. ಕ್ಯಾಮೆರಾನ ಹೋಕ್ಕೈತಿ."

ಅವಳು ಮನೆಗೆ ಬಂದು ಇದನ್ನೇ ಹೇಳಿದಳು. ಮೋದಿನಸಾಬ ಬಿದ್ದು ಬಿದ್ದು ನಕ್ಕ.

"ಅಂವಗ ಹೊಸಾದು ಮಾರಬೇಕಲ್ಲ, ಮತ್ತೇನಂತಾನ? ನನ್ನ ಫ್ಲಾಶ್ ತಗೊಂಬಾ ಇಲ್ಲೆ."

ತಂದುಕೊಟ್ಟಳು. ಅವನು ಅರಿವೆಯಿಂದ ಒರೆಸಿ, ಬೆರಳಿಂದಲೇ ತಡವಿ ಸೆಲ್ಲು ತುಂಬಿ, ಕ್ಯಾಮೆರಾದ ತಲೆಗೆ ತಾನೇ ಜಾರಿಸಿ ಕೂಡಿಸಿದ. ಸರಿಯಾಗಿ ಕೂತಿತು. "ಒತ್ತು," ಎಂದ. ಖೋಲಿ ತುಂಬ ಬೆಳಕಾಯಿತು. ಆ ಬೆಳಕಿಗೆ ಅವನು ಮುಖ ಎತ್ತಿದ.

"ಕಂಡ್ತು ಕಮರು! ಖರೇನ ಕಂಡ್ತು ನನಗ!"

ಇನ್ನು ಹೊಸದು ತರುತ್ತೇನೆ ಎನ್ನಲು ಅವಳಿಗೆ ಯಾವ ಬಾಯಿ? ಅಂಗಡಿಯವನ ಮಾತು ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಆದರೂ ಗಂಡನ ಫ್ಲಾಶನ್ನೇ ಆರಿಸಿಕೊಂಡಳು. ಎರಡು ಮದುವೆ ಸುಸೂತ್ರವಾಗಿ ದಾಟಿದವು.

ಮೂರನೆಯದು ರೋಣದ ಮುಮತಾಜಬಿಯ ಮಗಳು ನಾಹೀದಳ ಮದುವೆ. ನಿಕಾಹ್ ಮುಗಿದು ಜಲ್ವಾಕ್ಕೆ ಮದುಮಗನನ್ನು ಒಳಗೆ ಕರೆತಂದರು. ಇಬ್ಬರ ತಲೆಯ ಮೇಲೂ ಒಂದೇ ದುಪಟ್ಟಾ ಹೊದಿಸಿ, ನಡುವೆ ಕನ್ನಡಿ ಇಟ್ಟು, ಒಬ್ಬರ ಮುಖ ಒಬ್ಬರಿಗೆ ಮೊದಲ ಸಲ ತೋರಿಸುವ ಶಾಸ್ತ್ರ ಅದು. ಕಮರುನ್ನಿಸಾ ಮೊಣಕಾಲೂರಿ ಒತ್ತಿದಳು. ಫ್ಲಾಶು ಹೊಡೆಯಿತು. ಕ್ಯಾಮೆರಾ ಮಾತ್ರ ಸಪ್ಪಳ ಮಾಡಲಿಲ್ಲ. ಅದರ ಬೆನ್ನಿನ ಸ್ಕ್ರೀನು ಕಪ್ಪಾಯಿತು. ಬ್ಯಾಟರಿ ತೆಗೆದು ಹಾಕಿದಳು, ಕಾರ್ಡು ತೆಗೆದು ಹಾಕಿದಳು, ಯಾ ಅಲ್ಲಾ ಎಂದಳು. ಊಹೂಂ.

"ಕನ್ನಡಿ ತಡೀರಿ, ಒಂದ್ ನಿಮಿಷ ತಡೀರಿ!"

"ಎಷ್ಟೊತ್ತು ಕೂಡಸ್ತಿ ಮಕ್ಕಳನ್ನ?" ಎಂದು ಹಿರಿಯಳೊಬ್ಬಳು ಕನ್ನಡಿ ಎತ್ತಿಬಿಟ್ಟಳು. ಇಬ್ಬರೂ ನೋಡಿಕೊಂಡಾಗಿತ್ತು. ಮೊದಲ ನೋಟವನ್ನು ಎರಡನೇ ಸಲ ನೋಡಿ ಎನ್ನಲಾದೀತೇ? ಮುಮತಾಜಬಿ ಜಗಳ ಮಾಡಲಿಲ್ಲ. "ನಿನ್ನ ನಂಬಿದ್ವಿ ಆಪಾ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬೈದಿದ್ದರೇ ವಾಸಿಯಿತ್ತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಮರುನ್ನಿಸಾ ಖರೇ ಹೇಳುವುದೆಂದೇ ನಿಶ್ಚಯಿಸಿದ್ದಳು. ಹೊಸ್ತಿಲು ದಾಟುವ ಮೊದಲೇ ಮೋದಿನಸಾಬ ಕೇಳಿದ.

"ಜಲ್ವಾ ಹ್ಯಾಂಗ ಬಂತು? ಕನ್ನಡ್ಯಾಗ ಫ್ಲಾಶ್ ಹೊಳೀಲಿಲ್ಲಲ್ಲ?"

ಅವಳು ಅವನ ಮುಖ ನೋಡಿದಳು.

"ಇಲ್ರಿ. ನೀವು ಹೇಳಿದಂಗ ಓರೆ ನಿಂತಿದ್ದೆ. ಹುಡುಗಿ ರೆಪ್ಪಿ ಇಳಿಸ್ಯಾಳ. ಹುಡುಗ ನಗಾಕತ್ತಾನ. ಭಾಳ ಚಲೋ ಬಂದೈತಿ."

"ನಾ ಹೇಳಿದ್ನಿಲ್ಲ!" ಎಂದು ತೊಡೆ ತಟ್ಟಿಕೊಂಡ. ಇಲ್ಲದ ಫೋಟೋವನ್ನು ಅವತ್ತು ಮೂರು ಸಲ ಹೇಳಿಸಿಕೊಂಡ. ಅವಳು ಮೂರು ಸಲವೂ ಹೇಳಿದಳು.

ಮರುದಿನ, ಫೋಟೋ ತೊಳೆಸಲಿಕ್ಕೆಂದು ಹೇಳಿ, ಫ್ಲಾಶನ್ನು ಮನೆಯಲ್ಲೇ ಬಿಟ್ಟು ಹುಬ್ಬಳ್ಳಿಗೆ ಹೋದಳು. ರಿಪೇರಿಯವನು ಕ್ಯಾಮೆರಾ ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ. ಹಳೇ ಫ್ಲಾಶಿನಿಂದ ನೂರಾರು ವೋಲ್ಟು ಕರೆಂಟು ಒಳಗೆ ನುಗ್ಗಿ ಸುಟ್ಟಿದೆ, ರೀಲಿನ ಕ್ಯಾಮೆರಾ ತಡೆಯುತ್ತಿತ್ತು, ಇದು ತಡೆಯುವುದಿಲ್ಲ ಎಂದ. ಬಳೆಯೂ ಹೋಯಿತು, ಕ್ಯಾಮೆರಾವೂ ಹೋಯಿತು. ಪರದೆಯ ಒಳಗೆ ಇನ್ನು ಯಾವ ಮುಖ ಹೊತ್ತು ಹೋಗುವುದು?

ಸಂಜೆ ಮನೆಗೆ ಬಂದರೆ ಮೋದಿನಸಾಬ ಹಿಗ್ಗಿನಲ್ಲಿದ್ದ. ನರಗುಂದದಲ್ಲಿ ಹೊಸದಾಗಿ ಸ್ಟುಡಿಯೋ ತೆಗೆದಿದ್ದ ತಮ್ಮನ ಮಗ ವಸೀಮ ಬಂದು ಹೋಗಿದ್ದನಂತೆ.

"ಅಂವನೂ ಡಿಜಿಟಲ್ ತಗೊಂಡಾನ. ಯಾವ ಫ್ಲಾಶ್ ತಗೊಳ್ಳಿ ಚಾಚಾ ಅಂದ. ಹೊಸಾದು ಯಾಕ್ಲೇ, ನಿಮ್ಮ ಚಾಚಿ ಜಲ್ವಾ ಹ್ಯಾಂಗ ತಗದಾಳ ಕೇಳು ಅಂತ ನನ್ನ ಫ್ಲಾಶ್ ಕೊಟ್ಟು ಕಳಿಸೀನಿ. ಇಷ್ಟು ವರ್ಷಕ್ಕ ಒಬ್ಬಾವರೆ ನನ್ನ ಕೇಳಾಕ ಬಂದ ನೋಡು."

ಅಷ್ಟರಲ್ಲಿ ಮಂಚದ ಬದಿಯ ಗೂಡಿನಲ್ಲಿದ್ದ ಫೋನು ರಿಂಗಾಯಿತು. ಎತ್ತಿದಳು. ವಸೀಮನೇ.

"ಚಾಚಿ, ಈಗ ಮನಿ ಮುಟ್ಟೀನಿ. ಫ್ಲಾಶ್ ಹಚ್ಚಾಕತ್ತೀನಿ. ಮೊದಲ ಯಾವುದು ಚಾಲೂ ಮಾಡ್ಲಿ, ಫ್ಲಾಶೋ ಕ್ಯಾಮೆರಾನೋ?"

ಮೋದಿನಸಾಬ ನಗುತ್ತ ಕಿವಿಗೊಟ್ಟು ಕೂತಿದ್ದ, ಗೇಣಿನಷ್ಟೂ ದೂರವಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು.

"ಹಚ್ಚಬ್ಯಾಡ ವಸೀಮ! ತಗದಿಡು. ಅದು ಹಚ್ಚಿ ನನ್ನ ಕ್ಯಾಮೆರಾ ಸುಟ್ಟೈತಿ."

ಫೋನು ಇಟ್ಟಳು.

"ಮತ್ತ ಆ ಜಲ್ವಾ?" ಎಂದ ಮೋದಿನಸಾಬ.

"ತಗದಿಲ್ರಿ. ಒಂದೂ ಬಂದಿಲ್ಲ."

"ಅದಕ್ಕಿಂತ ಮೊದಲ ಹೇಳಿದ್ದು? ಎರಡು ವರ್ಷದಿಂದ ಹೇಳಿದ್ದು?"

"ಅವೆಲ್ಲ ಖರೇನ್ರಿ, ಅಲ್ಲಾನ ಆಣಿ ಖರೇನ!"

ಅವನು ಅವಳ ಕಡೆ ಮುಖ ತಿರುಗಿಸಿದ. ಆ ಕಣ್ಣಿಗೆ ಅವಳು ಕಾಣುತ್ತಿರಲಿಲ್ಲ.

"ನನಗ ಹ್ಯಾಂಗ ಗೊತ್ತಾಗಬೇಕು ಕಮರು?" ಎಂದು ಗೋಡೆಯ ಕಡೆ ಹೊರಳಿ ಮಲಗಿದ.